ಎರಡು ನಿಮಿಷದ ಓಟ, ಐದು ಜನರ ಟೀಮು: ಫೈರ್‌ಫೈಟರ್ ಚಾಲೆಂಜ್‌ಗೆ ಇಳಿಯುವುದು ಹೇಗೆ

ಬೆಂಕಿ ಆರಿಸುವವರು ತಮ್ಮ ಕೆಲಸಗಳನ್ನೇ ಗಡಿಯಾರ ಇಟ್ಟು ಮಾಡುವ ಈ ಪಂದ್ಯದಲ್ಲಿ ಮೊದಲ ಸಲ ಟವರ್ ಹತ್ತಿದಾಗ ಎರಡೆರಡು ಮೆಟ್ಟಿಲು ಹಾರಿಕೊಂಡು ಹೋದೆ. ಮೂರನೇ ಮಹಡಿಯ ತಿರುವಿನವರೆಗೆ ನಾನೇ ಹೀರೋ. ಅಲ್ಲಿಂದ ಮೇಲೆ ಒಂದೊಂದು ಮೆಟ್ಟಿಲಿಗೂ ರೇಲಿಂಗ್ ಹಿಡಿದು, ಮಾಸ್ಕ್ ಒಳಗೆ ಹಳೇ ಡೀಸೆಲ್ ಪಂಪ್‌ಸೆಟ್ಟಿನ ಥರ ಸದ್ದು ಮಾಡಿಕೊಂಡು, ಹೇಗೋ ತುದಿ ಮುಟ್ಟಿದೆ. ಕೆಳಗಿಳಿದಾಗ ಸುತ್ತಿಗೆ ಎತ್ತಲು ಕೈಯಲ್ಲಿ ಜೀವವೇ ಇಲ್ಲ. ಪಕ್ಕದ ಲೇನಿನಲ್ಲಿದ್ದ, ನನಗಿಂತ ಹತ್ತು ವರ್ಷವಾದರೂ ದೊಡ್ಡವರಾದ ಹೆಂಗಸೊಬ್ಬರು ಅಷ್ಟು ಹೊತ್ತಿಗೆ ಗೊಂಬೆ ಎಳೆದು ಮುಗಿಸಿ ಹೆಲ್ಮೆಟ್ ತೆಗೆಯುತ್ತಿದ್ದರು.

ಇಲ್ಲಿ ಅಮೆರಿಕದಲ್ಲಿ ಬೆಂಕಿ ಆರಿಸುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ವಾಲಂಟಿಯರ್‌ಗಳು, ಸಂಬಳ ಇಲ್ಲದವರು. ನಾನೂ ಹಾಗೇ. ಹಗಲು ಕಂಪ್ಯೂಟರ್ ಮುಂದೆ, ವಾರಕ್ಕೆರಡು ರಾತ್ರಿ ಫೈರ್ ಸ್ಟೇಷನ್ನಿನಲ್ಲಿ. ಈಚೆಗೆ ಹೀಗೆ ಸೇರಿಕೊಂಡಿರುವ ಕನ್ನಡದವರು ಒಬ್ಬಿಬ್ಬರು "ನಿಮ್ಮ ಆ ರೇಸ್ ಟೀಮ್ ಹೇಗೆ ಕಟ್ಟಿದ್ದು?" ಅಂತ ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟದ ಹಿನ್ನೆಲೆ ಎರಡೇ ಮಾತಿನಲ್ಲಿ. ಬೆಂಕಿ ಕೆಲಸಕ್ಕೆ ಎಷ್ಟು ದೇಹಶಕ್ತಿ ಬೇಕು ಅಂತ 1970ರ ದಶಕದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡಾ. ಪಾಲ್ ಡೇವಿಸ್ ಅಧ್ಯಯನ ಮಾಡಿದರು. ಅದರಲ್ಲಿದ್ದ ಕೆಲಸಗಳನ್ನೇ ಒಂದರ ಹಿಂದೆ ಒಂದು ಜೋಡಿಸಿ, ಗಡಿಯಾರ ಇಟ್ಟು, 1991ರಲ್ಲಿ ಫೈರ್‌ಫೈಟರ್ ಕಾಂಬ್ಯಾಟ್ ಚಾಲೆಂಜ್ ಶುರುವಾಯಿತು. ಆಮೇಲೆ ಇಎಸ್‌ಪಿಎನ್ ಟಿವಿಯಲ್ಲೂ ಬಂತು. "ಕ್ರೀಡೆಯಲ್ಲೇ ಅತಿ ಕಷ್ಟದ ಎರಡು ನಿಮಿಷ" ಅಂತ ಇದಕ್ಕೊಂದು ಬಿರುದು. ಪಕ್ಕಪಕ್ಕದಲ್ಲಿ ಎರಡು ಲೇನು, ಇಬ್ಬರು ಒಟ್ಟಿಗೆ ಓಡುವುದು. ಕೋಟು, ಪ್ಯಾಂಟು, ಬೂಟು, ಹೆಲ್ಮೆಟ್ಟು, ಮುಖಕ್ಕೆ ಮಾಸ್ಕ್, ಬೆನ್ನಿಗೆ ಉಸಿರಾಡುವ ಗಾಳಿಯ ಸಿಲಿಂಡರ್, ಅಂದರೆ ನಮ್ಮ ಕಡೆ ಬಿಎ ಸೆಟ್ ಅನ್ನುತ್ತಾರಲ್ಲ, ಅದು. ಇಷ್ಟೆಲ್ಲಾ ಸೇರಿ ಇಪ್ಪತ್ತು ಕೆಜಿ ದಾಟುತ್ತದೆ.

ಕೋರ್ಸ್‌ನಲ್ಲಿ ಐದು ಕೆಲಸ. 19 ಕೆಜಿಯ ಹೋಸ್ (ನೀರಿನ ಪೈಪು) ಕಟ್ಟನ್ನು ಹೆಗಲ ಮೇಲೆ ಹಾಕಿಕೊಂಡು ಐದು ಮಹಡಿಯ ಟವರ್ ಹತ್ತುವುದು ಮೊದಲನೆಯದು. ಮೇಲೆ ನಿಂತು ಅಷ್ಟೇ ತೂಕದ ಇನ್ನೊಂದು ಸುರುಳಿಯನ್ನು ಹಗ್ಗದಲ್ಲಿ ಸೇದುವುದು ಎರಡನೆಯದು. ಬಾವಿಯಿಂದ ನೀರು ಸೇದಿ ಬೆಳೆದವರಿಗೆ ಇದು ಗೊತ್ತಿರುವ ಕೆಲಸವೇ, ಆದರೆ ಇಲ್ಲಿ ರಾಟೆ ಇಲ್ಲ. ಸಣ್ಣ ಸಣ್ಣ ಎಳೆತ ಬೇಡ. ಮೊಣಕಾಲು ಕಟಕಟೆಗೆ ಒತ್ತಿ, ಕೈಯನ್ನು ಪೂರ್ತಿ ಕೆಳಗೆ ಬಿಟ್ಟು, ಕಿವಿಯವರೆಗೆ ಎಳೆಯಿರಿ. ಇಳಿಯುವಾಗ ಪ್ರತಿ ಮೆಟ್ಟಿಲನ್ನೂ ಕಾಲು ಮುಟ್ಟಲೇಬೇಕು. ತಪ್ಪಿಸಿದರೆ ನಿಮ್ಮ ಟೈಮಿಗೆ ಸೆಕೆಂಡು ಸೇರಿಸುತ್ತಾರೆ.

ಕೆಳಗೆ ಬಂದ ಕೂಡಲೇ ಕೈಸರ್ ಮಷೀನು. ಬಾಗಿಲು ಒಡೆಯುವ ಕೆಲಸದ ನಕಲು ಇದು. ಎರಡು ಕಾಲಿನ ನಡುವೆ 72 ಕೆಜಿಯಷ್ಟು ತೂಕದ ಉಕ್ಕಿನ ತೊಲೆ ಇರುತ್ತದೆ, ಅದನ್ನು 4 ಕೆಜಿಯ ಸುತ್ತಿಗೆಯಿಂದ ಹೊಡೆದು ಹೊಡೆದು 5 ಅಡಿ ಹಿಂದಕ್ಕೆ ಸರಿಸಬೇಕು. ಎಲ್ಲರೂ ಹಾಳಾಗುವುದು ಇಲ್ಲೇ. ಸೌದೆ ಒಡೆಯುವ ಹಾಗೆ ತಲೆಯ ಮೇಲಿಂದ ಬೀಸುತ್ತಾರೆ. ನಾಲ್ಕು ಏಟಿಗೆ ಸೊಂಟ ಹೋಗುತ್ತದೆ, ತೊಲೆ ಅಲ್ಲೇ ಕೂತಿರುತ್ತದೆ. ಬೇಕಾಗಿರುವುದು ಚಿಕ್ಕ, ಬಿಗಿಯಾದ, ಒಂದೇ ಲಯದ ಏಟು. ಮೆಣಸಿನಕಾಯಿ ಕುಟ್ಟುವಾಗ ಒನಕೆ ಹೇಗೆ ಒಂದೇ ತಾಳದಲ್ಲಿ ಬೀಳುತ್ತದೆ, ಹಾಗೆ. ಸುತ್ತಿಗೆಯ ತಲೆಯೇ ತಾಗಬೇಕು, ಹಿಡಿ ತಾಗಿದರೆ ಅದಕ್ಕೂ ದಂಡ.

ಆಮೇಲೆ 140 ಅಡಿ ಅಂಕುಡೊಂಕು ಓಟ. ಸತ್ಯ ಹೇಳಬೇಕೆಂದರೆ ಇದು ಓಟ ಅಲ್ಲ, ಉಸಿರು ತೆಗೆದುಕೊಳ್ಳುವ ಜಾಗ. ಕೊನೆಯಲ್ಲಿ ನೀರು ತುಂಬಿದ ಹೋಸ್ ಕಾದಿರುತ್ತದೆ. ಅದರ ತುದಿಯ ನಾಝಲ್ ಹೆಗಲಿಗೆ ಹಾಕಿ 75 ಅಡಿ ಎಳೆದು, ತೂಗುಬಾಗಿಲು ದಾಟಿ, ಗುರಿಗೆ ನೀರು ಹೊಡೆದು, ನಾಝಲ್ ಮುಚ್ಚಿ ಕೆಳಗಿಡಬೇಕು. ಮೊದಲ ಹತ್ತು ಹೆಜ್ಜೆ ಹಗುರ ಅನ್ನಿಸುತ್ತದೆ, ಮೋಸ ಹೋಗಬೇಡಿ, ಮುಂದೆ ಹೋದಷ್ಟೂ ಹಿಂದೆ ನೆಲ ಬಿಟ್ಟು ಏಳುವ ಹೋಸ್ ಜಾಸ್ತಿ, ತೂಕವೂ ಜಾಸ್ತಿ. ನೇಗಿಲಿಗೆ ಕಟ್ಟಿದ ಎತ್ತಿನ ಥರ ಮುಂದಕ್ಕೆ ಬಾಗಿ, ಹೊರಟ ವೇಗದಲ್ಲೇ ಮುಗಿಸಿ. ನಡುವೆ ನಿಂತರೆ ಮತ್ತೆ ಹೊರಡುವುದು ಬಹಳ ಕಷ್ಟ.

ಕೊನೆಗೆ 80 ಕೆಜಿಯ ಗೊಂಬೆ, ಬೆಂಕಿಯಲ್ಲಿ ಸಿಕ್ಕಿಕೊಂಡವರನ್ನು ಎಳೆದು ತರುವ ಕೆಲಸದ ನಕಲು. ಹಿಂಬದಿಯಿಂದ ಕಂಕುಳ ಕೆಳಗೆ ಕೈ ಹಾಕಿ, ಎದೆಗೆ ಒತ್ತಿ ಹಿಡಿದು, ಹಿಂದುಹಿಂದಕ್ಕೆ ಸುಮಾರು ನೂರು ಅಡಿ. ಸೊಂಟ ಕೆಳಗಿರಲಿ, ಹೆಜ್ಜೆ ಚಿಕ್ಕದಿರಲಿ. ದೊಡ್ಡ ಹೆಜ್ಜೆ ಇಟ್ಟರೆ ಗೊಂಬೆ ನಿಮ್ಮ ಮೇಲೆ ಬೀಳುತ್ತದೆ. ನನ್ನ ಮೇಲೆ ಬಿದ್ದಿದೆ, ಎರಡು ಸಲ.

ಈಗ ಟೀಮಿನ ವಿಷಯ. ಒಬ್ಬರೇ ಇಡೀ ಕೋರ್ಸ್ ಓಡುವ ಸ್ಪರ್ಧೆ ಇದೆ, ಇಬ್ಬರು ಹಂಚಿಕೊಳ್ಳುವ ಟ್ಯಾಂಡೆಮ್ ಇದೆ, ಐದು ಜನರವರೆಗೆ ಸೇರುವ ರಿಲೇ ಇದೆ. ಹೊಸ ಟೀಮಿಗೆ ನನ್ನ ಸಲಹೆ ಒಂದೇ: ರಿಲೇಯಿಂದ ಶುರು ಮಾಡಿ. ಒಬ್ಬರಿಗೆ ಇಡೀ ಕೋರ್ಸ್ ಅಂದರೆ ಸ್ಟೇಷನ್ನಿನಲ್ಲಿ ಅರ್ಧ ಜನ ಹೆದರಿ ಬರುವುದೇ ಇಲ್ಲ. "ನೀನು ಸುತ್ತಿಗೆ ಮಾತ್ರ ಹೊಡೆದರೆ ಸಾಕು" ಅಂದರೆ ಬರುತ್ತಾರೆ. ಆರು ತಿಂಗಳಾದ ಮೇಲೆ ಅವರೇ ಇಡೀ ಕೋರ್ಸ್ ಓಡುತ್ತೇನೆ ಅನ್ನುತ್ತಾರೆ.

ಸೇರಿಸಿಕೊಳ್ಳುವಾಗ ತೋಳು ನೋಡಬೇಡಿ, ಹಾಜರಿ ನೋಡಿ. ನಮ್ಮಲ್ಲಿ ಅತಿ ಗಟ್ಟಿಯಾಗಿದ್ದ ಹುಡುಗ ಮೂರು ಪ್ರಾಕ್ಟೀಸಿಗೆ ಬಂದು ನಾಪತ್ತೆಯಾದ. ತೆಳ್ಳಗಿದ್ದ ಆಂಬುಲೆನ್ಸ್ ಹುಡುಗಿ ಒಂದು ದಿನವೂ ತಪ್ಪಿಸಲಿಲ್ಲ, ಈಗ ನಮ್ಮ ಮೆಟ್ಟಿಲು ಅವಳದ್ದೇ. ಐದು ಜನ ಬೇಕೆಂದರೆ ಏಳು ಜನರನ್ನು ಇಟ್ಟುಕೊಳ್ಳಿ. ಶಿಫ್ಟು, ಮಗುವಿನ ಜ್ವರ, ಮಂಡಿ ನೋವು, ಏನಾದರೂ ಒಂದು ಇದ್ದೇ ಇರುತ್ತದೆ.

ಜನ ಸಿಕ್ಕ ಮೇಲೆ ಚೀಫ್ ಹತ್ತಿರ ಹೋಗಿ. ಸುಮ್ನೆ ಬಾಯಿಮಾತಲ್ಲಿ ಹೋಗಬೇಡಿ. ನಾನು ಹಾಗೆ ಹೋಗಿದ್ದೆ, "ಯಾರಾದರೂ ಬಿದ್ದರೆ ಯಾರ ಇನ್ಶೂರೆನ್ಸ್?" ಅಂತ ಒಂದೇ ಪ್ರಶ್ನೆ ಕೇಳಿದರು, ನಾನು ಪೆದ್ದನ ಹಾಗೆ ನಿಂತಿದ್ದೆ. ಎರಡನೇ ಸಲ ಒಂದು ಹಾಳೆ ತೆಗೆದುಕೊಂಡು ಹೋದೆ: ಪ್ರಾಕ್ಟೀಸ್ ಯಾವ ದಿನ, ಯಾವ ಜಾಗ, ಯಾವ ಸಾಮಾನು, ಕರೆ ಬಂದರೆ ಯಾರು ಗಾಡಿ ಹತ್ತುತ್ತಾರೆ, ಪ್ರಾಕ್ಟೀಸನ್ನು ಇಲಾಖೆಯ ತರಬೇತಿ ಅಂತಲೇ ಬರೆದುಕೊಳ್ಳಬಹುದಾ. ಈ ಕೊನೆಯದಕ್ಕೆ ಹೌದು ಅಂತ ಬರೆಸಿಕೊಂಡರೆ ಇನ್ಶೂರೆನ್ಸ್ ತಲೆನೋವು ಎಷ್ಟೋ ಕಡಿಮೆ.

ಅದರ ಜೊತೆಗೇ ಡಾಕ್ಟರ್ ಚೆಕಪ್. ಇದರಲ್ಲಿ ಸಂಕೋಚ, ನಾಚಿಕೆ ಏನೂ ಬೇಡ. ಅಮೆರಿಕದಲ್ಲಿ ಕೆಲಸದ ಮೇಲಿದ್ದಾಗ ಸತ್ತ ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಅರ್ಧ ಜನರನ್ನು ತೆಗೆದುಕೊಂಡು ಹೋದದ್ದು ಬೆಂಕಿ ಅಲ್ಲ, ಹೃದಯ. ಆ ಕೋಟಿನೊಳಗೆ ಮೈ ಶಾಖ ಹೊರಗೆ ಹೋಗುವುದೇ ಇಲ್ಲ, ಎರಡು ನಿಮಿಷದಲ್ಲಿ ನಾಡಿ ಎಲ್ಲಿಗೋ ಹೋಗಿರುತ್ತದೆ. ನಮ್ಮ ದೇಶದವರಿಗೆ ಸಕ್ಕರೆ, ಬಿಪಿ ಬೇಗ ಬರುತ್ತದೆ ಅಂತ ಗೊತ್ತಿದೆ ಅಲ್ವಾ. ನಲವತ್ತು ದಾಟಿದವರು ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿಕೊಂಡೇ ಬನ್ನಿ.

ಸಾಮಾನು ಕೊಳ್ಳಲು ಓಡಬೇಡಿ. ಮೊದಲ ವರ್ಷ ನಾವು ಕೊಂಡದ್ದು ಒಂದು ಸ್ಟಾಪ್‌ವಾಚ್ ಮತ್ತು ಬಿಳಿ ಟೇಪು. ಟವರ್ ಬದಲಿಗೆ ಹೈಸ್ಕೂಲಿನ ಗ್ಯಾಲರಿ ಮೆಟ್ಟಿಲು. ಕೈಸರ್ ಬದಲಿಗೆ ಲಾರಿಯ ಹಳೇ ಟೈರು, ಸುತ್ತಿಗೆಯಿಂದ ಹೊಡೆದು ಹೊಡೆದು ಐದು ಅಡಿ ಸರಿಸುವುದು. ಗೊಂಬೆ ಸ್ಟೇಷನ್ನಿನಲ್ಲಿ ಹೇಗೂ ಇರುತ್ತದೆ, ಇಲ್ಲದಿದ್ದರೆ ಹಳೇ ಕವರಾಲಿನ ಒಳಗೆ ಮರಳು ಚೀಲ ತುಂಬಿ ಹೊಲಿಯಿರಿ. ಫೈರ್ ಕೋಟಿಗೆ ಇಲ್ಲಿ ತಯಾರಾಗಿ ಹತ್ತು ವರ್ಷಕ್ಕೆ ನಿವೃತ್ತಿ, ಅಂಥವು ಸ್ಟೋರಿನಲ್ಲಿ ರಾಶಿ ಬಿದ್ದಿರುತ್ತವೆ, ಪ್ರಾಕ್ಟೀಸಿಗೆ ಸಾಕು. ಆದರೆ ಒಗೆಸಿಯೇ ಹಾಕಿಕೊಳ್ಳಿ. ಹಳೇ ಹೊಗೆಯ ವಿಷ ಬಟ್ಟೆಯಲ್ಲೇ ಕೂತಿರುತ್ತದೆ, ಬೆವರಿದ ಮೈಗೆ ಅದು ಒಳ್ಳೆಯದಲ್ಲ. ಪ್ರವೇಶ ಶುಲ್ಕ, ಹೋಟೆಲ್ಲು, ಪೆಟ್ರೋಲಿಗೆ ಮಾತ್ರ ದುಡ್ಡು ಬೇಕೇ ಬೇಕು. ಇಲ್ಲಿ ಸ್ಟೇಷನ್‌ಗಳು ಭಾನುವಾರ ಬೆಳಿಗ್ಗೆ ಪ್ಯಾನ್‌ಕೇಕ್ ತಿಂಡಿ ಇಟ್ಟು ದುಡ್ಡು ಕೂಡಿಸುವ ಪದ್ಧತಿ ಇದೆ. ನಮ್ಮದರಲ್ಲಿ ಒಂದು ಮೂಲೆಯಲ್ಲಿ ನಾನು ದೋಸೆ ಕಾವಲಿ ಇಟ್ಟೆ. ಒಂಬತ್ತೂವರೆಗೆ ಹಿಟ್ಟು ಖಾಲಿ.

ಪ್ರಾಕ್ಟೀಸಿನಲ್ಲಿ ಎಲ್ಲರೂ ಮಾಡುವ ತಪ್ಪು, ಪ್ರತಿ ಸಲ ಇಡೀ ಕೋರ್ಸ್ ಓಡಿ ಸುಸ್ತಾಗುವುದು. ವಾರಕ್ಕೆ ಮೂರು ದಿನ ಸಾಕು. ಒಂದು ದಿನ ಮೆಟ್ಟಿಲು, ಒಂದು ದಿನ ಸುತ್ತಿಗೆ ಮತ್ತು ಗೊಂಬೆ, ಒಂದು ದಿನ ಎರಡು ಮೂರು ಕೆಲಸ ಜೋಡಿಸಿ ಗಡಿಯಾರದ ಜೊತೆ. ಮೊದಲ ತಿಂಗಳು ಟೀ ಶರ್ಟು, ಎರಡನೇ ತಿಂಗಳು ಕೋಟು, ಕೊನೆಗೆ ಮಾಸ್ಕ್ ಹಾಕಿ ಸಿಲಿಂಡರ್ ಗಾಳಿಯಲ್ಲಿ. ಮಾಸ್ಕ್ ಹಾಕಿದ ದಿನ ಎಲ್ಲರ ಟೈಮೂ ಹಾಳಾಗುತ್ತದೆ, ಗಾಬರಿ ಬೇಡ.

ಒಂದೊಂದು ಕೆಲಸಕ್ಕೂ ಬೇರೆ ಬೇರೆ ಟೈಮ್ ಬರೆದಿಡಿ. ನನ್ನ ಪುಸ್ತಕದಿಂದಲೇ ತೋರಿಸುತ್ತೇನೆ. ಒಂದು ಶನಿವಾರ: ಹತ್ತಲು 30 ಸೆಕೆಂಡು, ಸೇದಲು 15, ಇಳಿಯಲು 15, ಸುತ್ತಿಗೆ 22, ಓಟ 18, ಹೋಸ್ 12, ಗೊಂಬೆ 38. ಒಟ್ಟು ಎರಡೂವರೆ ನಿಮಿಷ. ಮುಂದಿನ ಶನಿವಾರ ಬೇಕೆಂದೇ ನಿಧಾನ ಹತ್ತಿದೆ, ಒಂದೊಂದೇ ಮೆಟ್ಟಿಲು, ಮೂಗಲ್ಲಿ ಉಸಿರು: 34. ಸೇದಿದ್ದು, ಇಳಿದದ್ದು, ಓಡಿದ್ದು ಹಾಗೇ. ಆದರೆ ಸುತ್ತಿಗೆ 19, ಹೋಸ್ 11, ಗೊಂಬೆ 27. ಒಟ್ಟು 2 ನಿಮಿಷ 19. ಮೇಲೆ ನಾಲ್ಕು ಸೆಕೆಂಡು ಬಿಟ್ಟುಕೊಟ್ಟು ಕೆಳಗೆ ಹದಿನೈದು ಗಳಿಸಿದೆ. ಈ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ನಮ್ಮ ಟೀಮಿನಲ್ಲಿ ಯಾರೂ ಮೆಟ್ಟಿಲು ಹಾರುವುದಿಲ್ಲ.

ರಿಲೇಯಲ್ಲಿ ಸೆಕೆಂಡು ಸೋರುವುದು ಕೆಲಸದಲ್ಲಿ ಅಲ್ಲ, ಕೈ ಬದಲಾಗುವಲ್ಲಿ. ಎಲ್ಲಿ ಬದಲಾಗಬಹುದು, ಒಬ್ಬರಿಂದ ಒಬ್ಬರಿಗೆ ಕೊಡುವ ಬ್ಯಾಟನ್ ಬಿದ್ದರೆ ಏನು ದಂಡ ಅನ್ನುವುದನ್ನು ಆ ವರ್ಷದ ನಿಯಮ ಪುಸ್ತಕದಲ್ಲೇ ಓದಿ, ಹಳೇ ವಿಡಿಯೋ ನೋಡಿ ನಂಬಬೇಡಿ. ಆಮೇಲೆ ಬದಲಾವಣೆಯನ್ನೇ ಬೇರೆಯಾಗಿ ಅಭ್ಯಾಸ ಮಾಡಿ, ದಪ್ಪ ಗ್ಲೌಸ್ ಹಾಕಿಕೊಂಡೇ. ಬರಿಗೈಯಲ್ಲಿ ಚೆನ್ನಾಗಿ ಕೊಡುವವರು ಗ್ಲೌಸ್ ಹಾಕಿದ ಮೇಲೆ ಬೀಳಿಸುತ್ತಾರೆ. ಮೂವತ್ತು ಸಲ, ನಲವತ್ತು ಸಲ, ಬೇಜಾರು ಬರುವವರೆಗೆ.

ಊರಿನಲ್ಲಿ ಅಗ್ನಿಶಾಮಕ ಇಲಾಖೆಯಲ್ಲೇ ಇರುವವರು ಓದುತ್ತಿದ್ದರೆ, ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಇಲಾಖೆಯ ತರಬೇತಿ ಶಾಲೆ ಮುಂಡ್ಕೂರ್ ಅಕಾಡೆಮಿಯಲ್ಲಿ ಹೋಸ್ ಹೊತ್ತು ಓಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಸ್ಟಾಪ್‌ವಾಚ್ ಒಂದು ಬಿಟ್ಟು. 1990ರಲ್ಲಿ ಆಕ್ಲೆಂಡ್‌ನಲ್ಲಿ ಶುರುವಾದ ವರ್ಲ್ಡ್ ಫೈರ್‌ಫೈಟರ್ಸ್ ಗೇಮ್ಸ್‌ನಲ್ಲೂ ಇದೇ ಜಾತಿಯ ಸ್ಪರ್ಧೆಗಳಿವೆ, ಅತ್ತ ಕಡೆಯೂ ಕಣ್ಣಿಡಿ.

ರೇಸಿನ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುತ್ತಿರಿ, ಓಡುವ ಎರಡು ಗಂಟೆ ಮೊದಲು ಬಾಳೆಹಣ್ಣು ತಿನ್ನಿ, ಹೊಟ್ಟೆ ತುಂಬ ಅನ್ನ ಬೇಡ. ಓಡಿ ಮುಗಿದ ಕೂಡಲೇ ಕೋಟು ಬಿಚ್ಚಿಸಿ ತಣ್ಣೀರು ಹಾಕಲು ಟೀಮಿನ ಇಬ್ಬರು ಗೆರೆಯ ಆಚೆ ನಿಂತಿರಲಿ. ಇನ್ನೊಂದು, ಇದನ್ನು ನಾನು ಕಲಿತದ್ದು ಒಂದೂವರೆ ಸೆಕೆಂಡು ಕಳೆದುಕೊಂಡು: ನೀವು ಗೆರೆ ದಾಟಿದರೆ ಗಡಿಯಾರ ನಿಲ್ಲುವುದಿಲ್ಲ, ಗೊಂಬೆಯ ಹಿಮ್ಮಡಿಯೂ ದಾಟಬೇಕು. ನಾನು ಗೆರೆ ದಾಟಿದ ಖುಷಿಗೆ ಕೈ ಬಿಟ್ಟುಬಿಟ್ಟೆ. ಗೊಂಬೆಯ ಎರಡು ಬೂಟು ಗೆರೆ ದಾಟದೆ ಹಿಂದೆಯೇ ಉಳಿದಿದ್ದವು.