ಒಂಬತ್ತು ವರ್ಷದ ಮಗಳಿಗಾಗಿ ಭುವನೇಶ್ವರದಲ್ಲಿ ಬಾಡಿಗೆ ಮನೆ ಹಿಡಿದ ಕಥೆ

"ಪಾಸ್‌ಪೋರ್ಟ್ ರೆಡಿಯಾದ ಮೇಲೆ ಹೋಗಿ. ಹತ್ತು ದಿನದಲ್ಲಿ ಮಗುವನ್ನು ಕರ್ಕೊಂಡು ಬನ್ನಿ, ಸಾಕು." ಒಡಿಶಾದ ಹುಡುಗಿಯನ್ನು ದತ್ತು ತರಲು ಹೊರಟಾಗ ನಮ್ಮ ಏಜೆನ್ಸಿಯವರು ಕೊಟ್ಟ ಸಲಹೆ ಇದು. ಮೈಸೂರಿನಲ್ಲಿರುವ ಅತ್ತೆ ಇನ್ನೂ ನೇರವಾಗಿ ಕೇಳಿದರು, "ಒಂಬತ್ತು ವರ್ಷದ ಹುಡುಗಿ ಹೊಂದ್ಕೋತಾಳೇನಮ್ಮಾ?" ಈಗ ಪ್ರತಿ ಭಾನುವಾರ ವಿಡಿಯೊ ಕಾಲ್ ಮಾಡಿದರೆ ಅದೇ ಅತ್ತೆ ಮಗನನ್ನೂ ಕೇಳಲ್ಲ, ನನ್ನನ್ನೂ ಕೇಳಲ್ಲ. ಮೊಮ್ಮಗಳು ಎಲ್ಲಿ ಅಂತಾರೆ. ಆದ್ದರಿಂದ ಬರೆಯುವ ಧೈರ್ಯ ಬಂತು.

ನಾವಿರುವುದು ನಾರ್ತ್ ಕ್ಯಾರೊಲೈನಾದಲ್ಲಿ. ಇಬ್ಬರಿಗೂ ಅಮೆರಿಕದ ಪಾಸ್‌ಪೋರ್ಟ್, ಜೊತೆಗೆ ಭಾರತ ಮೂಲದವರಿಗೆ ಸಿಗುವ ಓಸಿಐ ಕಾರ್ಡ್. ಒಬ್ಬ ಮಗನಿದ್ದಾನೆ, ಆಗ ಅವನಿಗೆ 12. ನಮ್ಮಿಬ್ಬರ ವಯಸ್ಸು ಕೂಡಿದರೆ 93, ಅಂದರೆ ನಾಲ್ಕು ವರ್ಷದೊಳಗಿನ ಮಗುವಿಗೆ ಭಾರತದ ದತ್ತು ಪ್ರಾಧಿಕಾರ ಕಾರಾ ಇಟ್ಟಿರುವ 90ರ ಗೆರೆ ದಾಟಿಯಾಗಿತ್ತು. ಎಂಟು ದಾಟಿದ ಮಕ್ಕಳಿಗೆ 110ರವರೆಗೆ ಇದೆ. ನಮಗೂ ದೊಡ್ಡ ಮಗುವೇ ಬೇಕಿತ್ತು. ಮನೆಗೆ ಬಂದು ನಮ್ಮನ್ನು ಪರಿಶೀಲಿಸುವ ಹೋಮ್ ಸ್ಟಡಿ, ಅಮೆರಿಕ ಸರ್ಕಾರಕ್ಕೆ ಕೊಡುವ ಐ-800ಎ ಅರ್ಜಿ, ಹತ್ತು ಗಂಟೆಯ ತರಬೇತಿ, ಇದೆಲ್ಲ ಈ ದಾರಿ ಹಿಡಿದವರಿಗೆ ಗೊತ್ತೇ ಇದೆ.

ನಾನು ಹಠ ಹಿಡಿದದ್ದು ಒಂದೇ ವಿಷಯಕ್ಕೆ. ಕಾರಾದ ಎನ್‌ಒಸಿ, ಅಂದರೆ ಅಭ್ಯಂತರವಿಲ್ಲ ಅನ್ನೋ ಪತ್ರ, ಬಂದ ಮೇಲೆ, ದತ್ತು ಆದೇಶ ಇನ್ನೂ ಬಾಕಿ ಇರುವಾಗಲೇ, ಮುಚ್ಚಳಿಕೆ ಬರೆದುಕೊಟ್ಟು ಮಗುವನ್ನು ಭಾರತದೊಳಗೆ ನಮ್ಮ ಜೊತೆ ಇಟ್ಟುಕೊಳ್ಳಬಹುದು. ಪ್ರೀ-ಅಡಾಪ್ಷನ್ ಫಾಸ್ಟರ್ ಕೇರ್ ಅಂತ ನಿಯಮದಲ್ಲೇ ಇದೆ. ಹೊರದೇಶದಿಂದ ಬರುವವರಿಗೆ ಅಷ್ಟು ರಜೆ ಎಲ್ಲಿ ಸಿಗಬೇಕು? ಏಜೆನ್ಸಿಯವರು "ಯಾರೂ ಹಾಗೆ ಮಾಡಲ್ಲ" ಅಂದರು. ಸರಿ, ನಾವು ಮಾಡ್ತೀವಿ ಅಂದೆ.

2023ರ ಜೂನ್ ಕೊನೆಗೆ ಭುವನೇಶ್ವರದಲ್ಲಿ ಇಳಿದೆವು. ಮಗನಿಗೆ ಬೇಸಿಗೆ ರಜೆ. ಎರಡು ರೂಮಿನ ಮನೆಗೆ ತಿಂಗಳಿಗೆ 28,000 ರೂಪಾಯಿ ಬಾಡಿಗೆ ಇರಬೇಕು. ಯಜಮಾನರು ರಾತ್ರಿ ಕೂತು ಅಮೆರಿಕದ ಆಫೀಸ್ ಕೆಲಸ ಮಾಡುತ್ತಿದ್ದರು. ಕರೆಂಟ್ ಹೋದರೆ ಫೋನಿನ ಹಾಟ್‌ಸ್ಪಾಟ್. ಆರು ವಾರ ಅಂದುಕೊಂಡು ಹೋದವರಿಗೆ ಹಿಡಿದದ್ದು 71 ದಿನ!

ಮೊದಲ ಪೆಟ್ಟು ಹೆಸರಿನದ್ದು. ಯಜಮಾನರ ಮದುವೆ ಸರ್ಟಿಫಿಕೇಟಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಅಷ್ಟೇ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಸರ್‌ನೇಮ್ ಆಗಿದೆ. ಇಬ್ಬರೂ ಒಬ್ಬರೇ ಅಂತ ನಂಬಿಸಲು ಅಫಿಡವಿಟ್, ನೋಟರಿ, ಮತ್ತೆ ಅಫಿಡವಿಟ್. ಹನ್ನೊಂದು ದಿನ ಹೋಯ್ತು. ನಮ್ಮ ಕಡೆಯ ಇನಿಷಿಯಲ್ ಮಂದಿ ಇದನ್ನು ಹೊರಡುವ ಮೊದಲೇ ಸರಿಮಾಡಿಕೊಳ್ಳಿ. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರು. ಆ ಕಚೇರಿಯಲ್ಲಿ ಫೈಲ್ ನಿಂತಾಗ ನಾನು ಏನು ಮಾಡಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಲಂಚ ಖಂಡಿತ ಅಲ್ಲ.

ಎರಡನೆಯ ಪೆಟ್ಟು ಭಾಷೆಯದ್ದು. ಆನ್‌ಲೈನ್ ಮೇಷ್ಟ್ರ ಹತ್ತಿರ ನಲವತ್ತು ಕ್ಲಾಸ್ ಒಡಿಯಾ ಕಲಿತಿದ್ದೆ. 600 ಡಾಲರ್ ಖರ್ಚು. ಹಸಿವಾಗ್ತಿದೆ ಅನ್ನೋದಕ್ಕೆ "ಭೋಕ ಲಾಗುಛಿ" ಅಂತ ಎಷ್ಟು ಸಲ ಬಾಯಿಪಾಠ ಮಾಡಿದ್ದೆನೋ! ಹುಡುಗಿ ಪಶ್ಚಿಮ ಒಡಿಶಾದ ಕಡೆಯವಳು, ಅವಳ ಮಾತು ಸಂಬಲ್‌ಪುರಿ. ಅದರಲ್ಲಿ ಪದದ ಕೊನೆಯ ಸ್ವರವೇ ಬಿದ್ದುಹೋಗುತ್ತೆ. ನಾನು ಬಾಯಿ ಬಿಟ್ಟರೆ ಬಿದ್ದು ಬಿದ್ದು ನಗುತ್ತಿದ್ದಳು. ದುಡ್ಡು ಹಾಳಾಯ್ತು ಅಂದುಕೊಂಡೆ. ಮೂರನೇ ದಿನ ಅವಳೇ ತಿದ್ದೋಕೆ ಶುರು ಮಾಡಿದಳು, ತಪ್ಪು ಹೇಳಿದರೆ ಮಗನ ತಲೆಗೆ ಮೊಟಕುತ್ತಿದ್ದಳು. ಮನೆಗೆ ಮೇಷ್ಟ್ರು ಅವಳೇ ಆದಳು. ನಾನು ದುಡ್ಡು ಕೊಟ್ಟು ಮಾಡಿಸಿದ ಚಿತ್ರದ ಕಾರ್ಡುಗಳನ್ನು ಮಾತ್ರ ಎರಡನೇ ದಿನವೇ ಬಾಲ್ಕನಿಯಿಂದ ಕೆಳಗೆ ಎಸೆದಿದ್ದಳು.

ನನ್ನನ್ನು ಮಾಉಸಿ ಅನ್ನುತ್ತಿದ್ದಳು. ಚಿಕ್ಕಮ್ಮ ಅಂತ ಅರ್ಥ, ದತ್ತು ಸಂಸ್ಥೆಯಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸರನ್ನೂ ಹಾಗೇ ಕರೆಯುತ್ತಿದ್ದಳು. ಅಮ್ಮ ಅನ್ನು ಅಂತ ನಾನು ಒಂದು ಸಲವೂ ಹೇಳಲಿಲ್ಲ. ಊಟಕ್ಕೆ ಪಖಾಳ ಬಂದಾಗ ನನಗೆ ಆಶ್ಚರ್ಯ. ನೀರಲ್ಲಿ ನೆನೆಸಿದ ಅನ್ನ, ನಮ್ಮ ತಂಗಳನ್ನವೇ ಅಲ್ವಾ! ಮಜ್ಜಿಗೆ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ನಮ್ಮಜ್ಜಿ ಮಾಡುವ ಹಾಗೆ ಮಾಡಿಕೊಟ್ಟೆ. ಎರಡು ತಟ್ಟೆ ತಿಂದಳು.

ದಿಂಬಿನ ಕೆಳಗೆ ರೊಟ್ಟಿ, ಬಿಸ್ಕತ್ ಬಚ್ಚಿಡುತ್ತಿದ್ದಳು. ಇರುವೆಯೋ ಇರುವೆ. ದೊಡ್ಡ ಮಕ್ಕಳನ್ನು ತಂದವರು ಇದನ್ನು ನೋಡಿಯೇ ಇರುತ್ತೀರಿ. ಬೈದರೆ ಜಾಸ್ತಿ ಆಗುತ್ತೆ. ಒಂದು ಸ್ಟೀಲ್ ಡಬ್ಬಿ ಕೊಟ್ಟು, ಇದು ನಿನ್ನದು, ಯಾರೂ ಮುಟ್ಟಲ್ಲ, ದಿನಾ ತುಂಬಿಸ್ತೀನಿ ಅಂದೆ. ಇರುವೆ ನಿಂತಿತು.

ಆದೇಶ ಬಂದ ಮೇಲೆ ಒಂದು ಪ್ರಯೋಗ. ಇಪ್ಪತ್ತು ಗಂಟೆಯ ವಿಮಾನಕ್ಕೆ ಮೊದಲು ಎರಡು ಗಂಟೆಯದ್ದು ಇರಲಿ ಅಂತ ಬೆಂಗಳೂರಿಗೆ ಹಾರಿ, ಮೈಸೂರಿಗೆ ಹೋಗಿ ನಾಲ್ಕು ದಿನ ಇದ್ದೆವು. ಹೋಗ್ತಾ ವಾಂತಿ, ಬರ್ತಾ ಏನೂ ಇಲ್ಲ. ಅತ್ತೆಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಆದರೂ ಇಬ್ಬರೂ ಚೌಕಾಬಾರ ಆಡಿದರು. ಕವಡೆ ಹಾಕೋದರಲ್ಲಿ ಇಬ್ಬರೂ ಮೋಸ.

ಅಮೆರಿಕದ ವೀಸಾಗಾಗಿ ದೆಹಲಿಯಲ್ಲಿ ಮೆಡಿಕಲ್. ಹತ್ತು ತುಂಬಿರಲಿಲ್ಲವಾದ್ದರಿಂದ ಲಸಿಕೆಗಳನ್ನು ಆಮೇಲೆ ಹಾಕಿಸುತ್ತೇವೆ ಅಂತ ಅಫಿಡವಿಟ್ ಕೊಟ್ಟರೆ ನಡೆಯಿತು. ಆದರೆ ಟಿಬಿಯ ರಕ್ತಪರೀಕ್ಷೆ ಪಾಸಿಟಿವ್ ಬಂತು. ಆ ರಾತ್ರಿ ನನಗೆ ನಿದ್ದೆ ಇಲ್ಲ. ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ಕಫದ ಕಲ್ಚರ್, ಅದಕ್ಕೆ ಎಂಟು ವಾರ. ಎಕ್ಸ್‌ರೇ ಕ್ಲೀನ್ ಬಂತು. ಟಿಕೆಟ್ ಬದಲಾಯಿಸಿದ್ದಕ್ಕೆ ನಾಲ್ವರಿಗೂ ಸೇರಿ ಸುಮಾರು 900 ಡಾಲರ್ ದಂಡ. ದತ್ತು ಮಕ್ಕಳಿಗೆ ಕೊಡುವ ಐಎಚ್-3 ವೀಸಾಗೆ 325.

ಒಟ್ಟು ಲೆಕ್ಕ 38,000 ಡಾಲರ್ ಹತ್ತಿರ. ಅದರಲ್ಲಿ ದತ್ತು ಸಂಸ್ಥೆಗೆ ಕಟ್ಟುವ 5,000 ನಿಯಮದ್ದು, ಅದರ ಮೇಲೆ ಯಾರಾದರೂ ದೇಣಿಗೆ ಕೇಳಿದರೆ ಕೊಡಬೇಡಿ. ಭುವನೇಶ್ವರದಲ್ಲಿ ಉಳಿದದ್ದಕ್ಕೆ ಆದ ಜಾಸ್ತಿ ಖರ್ಚು 4,000 ಮೀರಿಲ್ಲ. ಯಜಮಾನರ ಸಂಬಳವಿಲ್ಲದ ಮೂರು ವಾರ ಬೇರೆ. ಆ ವರ್ಷದ ದತ್ತು ತೆರಿಗೆ ರಿಯಾಯಿತಿ 15,950ರವರೆಗೆ ಇತ್ತು, ಆದರೆ ಆಗ ಕಟ್ಟಬೇಕಾದ ತೆರಿಗೆಯಲ್ಲಿ ಮಾತ್ರ ಕಳೆಯುತ್ತಿದ್ದರು. ಉಳಿದದ್ದನ್ನು ಮುಂದಿನ ಐದು ವರ್ಷಕ್ಕೆ ಒಯ್ಯಬಹುದು. ನಮ್ಮದು ಇನ್ನೂ ಸ್ವಲ್ಪ ಉಳಿದಿದೆ.

ಮಾಉಸಿ ಹೋಗಿ ಅಮ್ಮ ಬಂದದ್ದು ಇಲ್ಲಿಗೆ ಬಂದ ಐದನೇ ತಿಂಗಳಲ್ಲಿ, ಅಣ್ಣನ ಮೇಲೆ ಚಾಡಿ ಹೇಳುವಾಗ. ಮಲಗಿಸುವಾಗ ನಾನೊಂದು ಉಪಾಯ ಮಾಡುತ್ತಿದ್ದೆ. ಅದು ನನಗೂ ಅವಳಿಗೂ ಮಾತ್ರ. ಸ್ಟೀಲ್ ಡಬ್ಬಿ ಈಗಲೂ ಅವಳ ಮಂಚದ ಪಕ್ಕದಲ್ಲೇ ಇದೆ. ಹೋದ ವಾರ ತುಂಬಿಸೋಣ ಅಂತ ಮುಚ್ಚಳ ತೆಗೆದರೆ ಬಿಸ್ಕತ್ ಇಲ್ಲ, ನಮ್ಮ ಮಗ ಎರಡು ದಿನದಿಂದ ಹುಡುಕುತ್ತಿದ್ದ ಫೋನ್ ಚಾರ್ಜರ್ ಇತ್ತು.