ಹೊಳೆ ಇಳಿದ ಮೇಲೆ ಗಾಳ: ನಮ್ಮ ಗುಂಪಿನ ಮೀನು ಶಿಕಾರಿ

ಮಲೆನಾಡಿಗೆ ಗಾಳ ಹಾಕೋಕೆ ಯಾವಾಗ ಬರಬೇಕು ಅಂತ ಕೇಳುವವರಿಗೆಲ್ಲ ನಾನು ಕೊಡುವ ಉತ್ತರ ಒಂದೇ. ದೀಪಾವಳಿ ಕಳೆಯಲಿ. ಅಷ್ಟೊತ್ತಿಗೆ ಕೆಂಪು ನೀರೆಲ್ಲ ಹೋಗಿ ಹೊಳೆ ತಿಳಿಯಾಗಿರುತ್ತದೆ. ಕಲ್ಲು ಯಾವುದು, ಗುಂಡಿ ಎಲ್ಲಿ, ಸೆಳವು ಎತ್ತ ಅಂತ ದಡದಲ್ಲೇ ನಿಂತು ಹೇಳಬಹುದು. ರಕ್ತ ಹೀರುವ ಇಂಬಳದ ಕಾಟವೂ ಕಡಿಮೆ. ಕಾಫಿ ಕೊಯ್ಲು ಇನ್ನೂ ಜೋರಾಗಿರುವುದಿಲ್ಲ, ಹಾಗಾಗಿ ತೋಟ ಇರುವ ಗೆಳೆಯನಿಗೂ ಒಂದು ಭಾನುವಾರ ಬಿಡುವು ಸಿಗುತ್ತದೆ.

ನಮ್ಮದು ಚಿಕ್ಕ ಗುಂಪು. ತೋಟದವನು, ಒಬ್ಬ ಹೈಸ್ಕೂಲ್ ಮೇಷ್ಟ್ರು, ಬಾಡಿಗೆ ಜೀಪ್ ಓಡಿಸುವವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ನಾನು. ಎಲ್ಲರೂ ಮೂಡಿಗೆರೆ ಸೀಮೆಯಲ್ಲಿ ಒಟ್ಟಿಗೆ ಬೆಳೆದವರು. ಜಾವಳಿ ಹತ್ತಿರ ಹುಟ್ಟುವ ಹೇಮಾವತಿ ಒಂದು ಕಡೆ, ಗಂಗಾಮೂಲದಲ್ಲಿ ಹುಟ್ಟಿ ಕಳಸ, ಬಾಳೆಹೊನ್ನೂರು ದಾಟಿ ಹೋಗುವ ಭದ್ರಾ ಇನ್ನೊಂದು ಕಡೆ. ಹೇಮಾವತಿ ಕಾವೇರಿಗೆ ಸೇರಿದರೆ ಭದ್ರಾ ಕೂಡ್ಲಿಯಲ್ಲಿ ತುಂಗೆಯ ಜೊತೆಯಾಗಿ ಕೃಷ್ಣೆಯ ಕಡೆ ಹೋಗುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಯಾವ ಹೊಳೆಗೆ ಅಂತ ಜಗಳ ಆಡುವ ಸುಖ ನಮಗೆ ಮಾತ್ರ.

ನಮ್ಮ ಅಪ್ಪಂದಿರ ಕಾಲದಲ್ಲಿ ಶಿಕಾರಿ ಅಂದರೆ ಹಂದಿ. ಒಂದಷ್ಟು ಜನ ನಾಯಿ ಬಿಟ್ಟುಕೊಂಡು ಹಳು ಸೋಯುತ್ತಿದ್ದರು, ಅಂದರೆ ಪೊದೆಯಿಂದ ಹಂದಿ ಎಬ್ಬಿಸಿ ಓಡಿಸುತ್ತಿದ್ದರು. ಕೋವಿ ಇದ್ದವರು ಅದು ಬರುವ ದಾರಿ ಕಾಯುತ್ತಾ ಬಿಲ್ಲಿಗೆ ನಿಲ್ಲುತ್ತಿದ್ದರು. ನಮಗೆ ಸಿಕ್ಕಿದ್ದು ಅದರ ಕಥೆಗಳು ಮಾತ್ರ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಊರೊಳಗೆ ಅದು ನಿಜವಾಗಿ ಇಳಿಯೋಕೆ ಇನ್ನೂ ಎಷ್ಟೋ ವರ್ಷ ಹಿಡಿಯಿತು ಅನ್ನೋದು ಬೇರೆ ಮಾತು. ಈಗ ತೋಟದವನ ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಒಂದು ಕೋವಿ ಇದೆ. ಮಂಗ ಓಡಿಸೋಕೆ ಗಾಳಿಯಲ್ಲಿ ಒಂದು ಈಡು ಹೊಡೆಯುತ್ತಾರೆ. ಚುನಾವಣೆ ಬಂದಾಗ ಅದು ಪೊಲೀಸ್ ಠಾಣೆಗೆ ಹೋಗಿ ಕೂತು ವಾಪಸ್ ಬರುತ್ತದೆ. ಅಷ್ಟೇ ಅದರ ತಿರುಗಾಟ.

ಕದ್ದು ಮುಚ್ಚಿ ಉರುಳು ಹಾಕುವವರು ಈಗಲೂ ಇದ್ದಾರೆ. ಹಂದಿಗೆ ಅಂತ ಬೇಲಿಯಲ್ಲಿ ಇಟ್ಟ ತಂತಿಗೆ ಚಿರತೆ ಸಿಕ್ಕಿ ಸಾಯುತ್ತದೆ. ಅಂಥವರ ಜೊತೆ ನಮಗೆ ಒಡನಾಟ ಬೇಡ ಅಂತ ಮೊದಲೇ ತೀರ್ಮಾನ ಆಗಿದೆ.

ಗಾಳಕ್ಕೂ ಮುಂಚೆ ನಾವು ಹತ್ತುಮೀನು, ಅಂದರೆ ಮಳೆಗೆ ಹತ್ತಿ ಬರುವ ಮೀನು, ಹಿಡಿಯುತ್ತಿದ್ದ ಹುಡುಗರು. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯ ಮೀನು ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದೆ. ರಾತ್ರಿ ಟಾರ್ಚ್, ಕತ್ತಿ, ಮೀನು ಹಿಡಿಯುವ ಕೂಣಿ ಹಿಡಿದು ಊರಿಗೆ ಊರೇ ಹಳ್ಳದಲ್ಲಿ ನಿಂತಿರುತ್ತದೆ. ಆ ಗಲಾಟೆ, ಆ ಚಳಿ, ಮನೆಗೆ ಬಂದು ಒಲೆ ಮುಂದೆ ಕೂರೋದು ಎಲ್ಲ ಮಜವೇ, ಸುಳ್ಳು ಹೇಳಲ್ಲ. ಆದರೆ ಅವು ಹತ್ತುವುದು ಮೊಟ್ಟೆ ಇಡೋಕೆ. ಒಂದು ಕೆಜಿ ತೂಗುವ ಗೆಂಡೆ ಮೀನಿನ ಹೊಟ್ಟೆ ಸೀಳಿದರೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇರುತ್ತದೆ. ಜೂನ್‌ನಲ್ಲಿ ಅದನ್ನು ಕಡಿದು ನವೆಂಬರ್‌ನಲ್ಲಿ ಹೊಳೇಲಿ ಮೀನೇ ಇಲ್ಲ ಅಂತ ಗೊಣಗುವುದು ಯಾವ ನ್ಯಾಯ? ಮೀನುಗಾರಿಕೆ ಇಲಾಖೆಯವರೂ ಮಳೆಗಾಲದ ಆ ಹೊತ್ತಲ್ಲಿ ಹಿಡಿಯಬೇಡಿ ಅಂತ ಹೇಳುತ್ತಲೇ ಇರುತ್ತಾರೆ. ನಾವು ಜೂನ್, ಜುಲೈ ಪೂರ್ತಿ ಬಿಟ್ಟಿದ್ದೇವೆ. ಆ ಆಸೆ ಏಡಿಯಲ್ಲಿ ತೀರುತ್ತದೆ. ಗದ್ದೆ ಬದುವಿನಲ್ಲಿ ಒಂದಷ್ಟು ಏಡಿ, ಮನೆಯಲ್ಲಿ ನೀರು ಬದಲಿಸಿ ನೆನೆಸಿಟ್ಟ ಕಳಲೆ, ಎರಡೂ ಸೇರಿಸಿ ಸಾರು. ಮೊಟ್ಟೆ ಹೊತ್ತ ಮೀನಿನ ನೆನಪೇ ಬರಲ್ಲ.

ಇನ್ನು ಗಾಳದ ವಿಷಯ. ಕೋಲಿಗೆ ವಾಟೆ ಬಿದಿರನ್ನು ಮೀರಿಸಿದ್ದು ಇಲ್ಲ. ಚಳಿಗಾಲದಲ್ಲಿ ಬಲಿತ ವಾಟೆ ಕಡಿದು, ಅಟ್ಟದ ಹೊಗೆಗೆ ಸೇರಿಸಿಟ್ಟರೆ ಮುಂದಿನ ವರ್ಷಕ್ಕೆ ಹಗುರ ಆಗಿರುತ್ತದೆ, ಹುಳವೂ ಹಿಡಿಯಲ್ಲ. ಟಂಗೂಸ್ ಅಂದರೆ ನೈಲಾನ್ ದಾರ, ಸಣ್ಣ ಸೀಸದ ಗುಂಡು, ನೀರ ಮೇಲೆ ತೇಲುವ ಬೆಂಡು, ಕೊಕ್ಕೆ. ಬೆಂಗಳೂರಿನವನು ಫೈಬರ್ ರಾಡು, ರೀಲು, ಫಳಫಳ ಹೊಳೆಯುವ ಸ್ಪಿನ್ನರ್ ಎಲ್ಲ ತರುತ್ತಾನೆ. ಹಿನ್ನೀರಿನಂಥ ಅಗಲ ಜಾಗದಲ್ಲಿ ಅದು ಸರಿ. ಮರದ ಕೊಂಬೆ ನೀರಿಗೆ ಬಾಗಿದ ಹಳ್ಳದಲ್ಲಿ ಅವನ ಅರ್ಧ ದಿನ ಕೊಂಬೆಗೆ ಸಿಕ್ಕ ಸ್ಪಿನ್ನರ್ ಬಿಡಿಸೋದರಲ್ಲೇ ಹೋಗುತ್ತದೆ.

ಎರೆ, ಅಂದರೆ ಕೊಕ್ಕೆಗೆ ಚುಚ್ಚುವ ತಿನಿಸು, ಏನು ಅನ್ನೋದು ಹೊಳೆ ನೋಡಿ ತೀರ್ಮಾನ. ಸಗಣಿ ಗುಂಡಿ ಪಕ್ಕದ ಎರೆಹುಳು ಎಲ್ಲದಕ್ಕೂ ಆಗುತ್ತದೆ. ಗೆಂಡೆಗೆ ಹಿಟ್ಟಿನ ಉಂಡೆ. ಕೊರವ ಮೀನಿಗೆ ಸಣ್ಣ ಕಪ್ಪೆ. ಬಾಳೆ ಮೀನು ಬೇಕೆಂದರೆ ಮೊದಲು ಸಣ್ಣ ಮೀನು ಹಿಡಿದು ಅದನ್ನೇ ಕೊಕ್ಕೆಗೆ ಹಾಕಬೇಕು. ನನಗೆ ಇವೆಲ್ಲಕ್ಕಿಂತ ನಂಬಿಕೆ ಅತ್ತಿ ಹಣ್ಣಿನ ಮೇಲೆ. ಹೊಳೆ ಮೇಲೆ ಬಾಗಿದ ಅತ್ತಿಮರದಲ್ಲಿ ಹಣ್ಣಾಗಿದ್ದರೆ ಬೇರೆಲ್ಲೂ ಹೋಗಬೇಡಿ. ಹಣ್ಣು ನೀರಿಗೆ ಬಿದ್ದು ಟುಪುಕ್ ಅಂದ ಕೂಡಲೇ ಕೆಳಗೆ ಮೀನು ತಿರುಗುವುದು ಕಾಣುತ್ತದೆ. ಅಲ್ಲಿ ಹುಳು ಹಾಕಿ ಕೂತವನಿಗೆ ಏನೂ ಸಿಗದೆ, ಅದೇ ಹಣ್ಣು ಚುಚ್ಚಿ ಮೆಲ್ಲಗೆ ಬಿಟ್ಟವನಿಗೆ ಸಿಕ್ಕಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಜಾಗ ಹುಡುಕೋಕೆ ನಮ್ಮ ಗುರು ನೀರುನಾಯಿ. ದಡದ ಬಂಡೆ ಮೇಲೆ ಅದರ ಹಿಕ್ಕೆ ಇದ್ದರೆ, ಹಿಕ್ಕೆಯಲ್ಲಿ ಮೀನಿನ ಹುರುಪೆ, ಏಡಿಯ ಚಿಪ್ಪು ಇದ್ದರೆ, ಆ ಗುಂಡಿಯಲ್ಲಿ ಮೀನು ಇದೆ ಅಂತಲೇ ಅರ್ಥ. ಆದರೆ ನೀರುನಾಯಿಗಳ ಗುಂಪು ಅದೇ ಹೊತ್ತಲ್ಲಿ ನೀರಲ್ಲಿದ್ದರೆ ಎದ್ದು ಮುಂದಿನ ಗುಂಡಿಗೆ ಹೋಗಬೇಕು. ಅವು ಇರುವಾಗ ಮೀನು ಕಲ್ಲಿನ ಸಂದಿ ಬಿಟ್ಟು ಬರಲ್ಲ.

ಬೆಂಡು ಓದೋದು ಕಲಿತರೆ ಅರ್ಧ ಶಿಕಾರಿ ಬಂದಂತೆ. ಟಿಕ್ ಟಿಕ್ ಅಂತ ಕುಣಿದರೆ ಸಣ್ಣ ಮರಿಗಳು ಹುಳು ಕಚ್ಚಿ ಎಳೆಯುತ್ತಿವೆ, ಸುಮ್ನೆ ಇರಿ. ಬೆಂಡು ಮುಳುಗದೆ ನಿಧಾನ ಪಕ್ಕಕ್ಕೆ ಸರಿಯುತ್ತಾ ಹೋದರೆ ಏಡಿ. ಗೆಂಡೆಯದು ಬೇರೆ ಆಟ. ಅದು ತಳದ ಉಂಡೆಯನ್ನು ಬಾಯಲ್ಲಿ ಎತ್ತಿಕೊಂಡು ಮೇಲೆ ಬರುತ್ತದೆ, ಸೀಸದ ಭಾರ ಬಿಟ್ಟುಹೋಗಿ ಬೆಂಡು ನೀರ ಮೇಲೆ ಎದ್ದು ಅಡ್ಡ ಮಲಗುತ್ತದೆ. ಮಲಗಿತು ಅಂದರೆ ಎಳೀಬೇಕು. ಹೊಸಬರು ಅದು ಮುಳುಗಲಿ ಅಂತ ಕಾಯುತ್ತಾರೆ, ಗೆಂಡೆ ಉಗಿದು ಹೋಗಿರುತ್ತದೆ. ಕೊರವನದು ನಾಚಿಕೆ ಇಲ್ಲದ ಹೊಡೆತ, ಬೆಂಡು ಗುಳುಂ ಅಂತ ಮಾಯ. ಹಾವುಮೀನು ಕಚ್ಚಿದರೆ ದಾರ ಸಮನಾಗಿ, ಬಿಗಿಯಾಗಿ, ಬಂಡೆ ಬುಡದ ಕಡೆ ಹೋಗುತ್ತದೆ. ಒಮ್ಮೆ ಅದು ಸಂದಿಗೆ ಸೇರಿತೋ ಕೊಕ್ಕೆ ಹೋಯಿತು ಅಂತ ಲೆಕ್ಕ. ಮೇಷ್ಟ್ರು ಮಾತ್ರ ಆಗ ದಾರ ಸಡಿಲ ಬಿಟ್ಟು ಬೀಡಿ ಹಚ್ಚಿ ಕೂರುತ್ತಾರೆ. ಬಿಗಿ ಇಲ್ಲ ಅಂತ ಹಾವುಮೀನು ತಾನಾಗೇ ತಲೆ ಹೊರಗೆ ಹಾಕುತ್ತದಂತೆ. ಕೆಲವೊಮ್ಮೆ ಹಾಕಿದ್ದೂ ಉಂಟು. ಶಾಲೆಯಲ್ಲಿ ಅಷ್ಟು ತಾಳ್ಮೆ ಇರುತ್ತದೋ ಇಲ್ಲವೋ, ಮಕ್ಕಳನ್ನೇ ಕೇಳಬೇಕು.

ಕೊಕ್ಕೆ ಬಿಡಿಸುವಾಗ ಹುಷಾರಾಗಿರಬೇಕಾದದ್ದು ಚೇಳುಮೀನಿನ ಹತ್ತಿರ. ಎದೆಯ ಎರಡೂ ಪಕ್ಕ ಇರುವ ಮುಳ್ಳಿನಲ್ಲಿ ವಿಷ ಇರುತ್ತದೆ. ಚುಚ್ಚಿದರೆ ಕೈ ಇಡೀ ಜುಮ್ ಅಂದು ಉರಿ ಏರುತ್ತದೆ. ತಡೆಯುವಷ್ಟು ಬಿಸಿ ಇರುವ ನೀರಲ್ಲಿ ಕೈ ಅದ್ದಿಟ್ಟರೆ ನೋವು ಇಳಿಯುತ್ತದೆ. ಹಾಗಾಗಿ ಹೊಳೆ ದಡದಲ್ಲಿ ನಾವು ಮೊದಲು ಮಾಡುವ ಕೆಲಸ ಒಲೆ ಹೂಡಿ ನೀರು ಕಾಯಿಸೋಕೆ ಇಡೋದು. ಚಹಾಕ್ಕೂ ಆಯಿತು, ಮದ್ದಿಗೂ ಆಯಿತು. ಬಟ್ಟೆ ಸುತ್ತಿದ ಕೈಯಲ್ಲಿ ತಲೆಯ ಹಿಂದೆ ಮುಳ್ಳಿನ ಬುಡ ಒತ್ತಿ ಹಿಡಿಯಬೇಕು. ಇಲ್ಲವಾದರೆ ದಾರ ಕತ್ತರಿಸಿ ಕೊಕ್ಕೆ ಸಮೇತ ಬಿಟ್ಟುಬಿಡಿ.

ಹಿಡಿಯದೇ ಬಿಡುವ ಮೀನೂ ಇದೆ. ದೊಡ್ಡ ಹುರುಪೆಯ ದೇವರ ಮೀನು, ಅಂದರೆ ಮಹಶೀರ್ ಜಾತಿಯದು, ಕೊಕ್ಕೆಗೆ ಬಂದರೆ ನೀರಿಂದ ಪೂರ್ತಿ ಎತ್ತದೆ ಬಿಡಿಸಿ ವಾಪಸ್. ಫೋಟೋ ಬೇಕು ಅಂತ ಅದನ್ನು ಎದೆಗೆ ಅಪ್ಪಿಕೊಂಡು ನಿಲ್ಲೋದೂ ಬೇಡ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದಿದ್ದರು. ಅಂದರೆ ಸುಮಾರು 54 ಕೆಜಿ, ಒಬ್ಬ ಮನುಷ್ಯನ ತೂಕ! ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಆ ಡುಬ್ಬದ ಮಹಶೀರ್‌ಗೆ ವಿಜ್ಞಾನದ ಸರಿಯಾದ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತುತ್ತತುದಿಯಲ್ಲಿದೆ ಅಂತ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೂ ಸೇರಿತು.

ಶೃಂಗೇರಿ, ಶಿಶಿಲ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಇಂಥ ದೇವರ ಮೀನು ಅಂತ ಕಾಪಾಡುವ ಕಡೆ ಗಾಳದ ಮಾತೇ ಎತ್ತಬಾರದು. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಮೀನುಗಳು ರಾಶಿ ರಾಶಿ ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ನೀರಲ್ಲಿ ತೋಟೆ (ಸಿಡಿಮದ್ದು) ಸಿಡಿಸುವವರು, ಬ್ಲೀಚಿಂಗ್ ಪೌಡರ್ ಸುರಿಯುವವರು, ಬ್ಯಾಟರಿ ಕರೆಂಟ್ ಬಿಡುವವರು ಇನ್ನೂ ನಿಂತಿಲ್ಲ. ಒಂದು ಗುಂಡಿಗೆ ತೋಟೆ ಬಿದ್ದರೆ ಮರಿ, ಏಡಿ, ಸಿಗಡಿ ಎಲ್ಲ ಹೋಗುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೂ ಗಾಳ ಹಾಕುವಂತಿಲ್ಲ. ಬೇರೆ ಕಡೆ ಹೊಳೆಯಾದರೆ ಪರವಾನಗಿ ಬಗ್ಗೆ ಮೀನುಗಾರಿಕೆ ಇಲಾಖೆಯಲ್ಲಿ, ಕೆರೆಯಾದರೆ ಮೀನಿನ ಗುತ್ತಿಗೆ ಹಿಡಿದವರಲ್ಲಿ ಕೇಳಿಕೊಂಡೇ ಹೋಗಿ. ತೋಟದೊಳಗಿಂದ ಹೊಳೆಗೆ ಇಳಿಯಬೇಕಾದರೆ ತೋಟದವರನ್ನೂ ಕೇಳಬೇಕು. ನಾವು ಹೆಚ್ಚಾಗಿ ಗೆಳೆಯನ ತೋಟದ ಅಂಚಿನಲ್ಲೇ ಇಳಿಯುವುದು.

ಹೇಮಾವತಿ ಕಡೆ ಹೋಗುವಾಗ ಮೀನಿಗಿಂತ ಮೊದಲು ಆನೆ ವಿಚಾರಿಸಬೇಕು. ಸಕಲೇಶಪುರ, ಆಲೂರು, ಮೂಡಿಗೆರೆಯ ತೋಟಗಳಲ್ಲಿ ಕಾಡಾನೆ ಈಗ ದಿನದ ಮಾತು. ಗುಂಪು ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲ್‌ಗೆ ಮೆಸೇಜ್ ಕಳಿಸುತ್ತಾರೆ. ಜೀಪಿನವನು ಅದನ್ನು ನೋಡದೆ ಗಾಡಿ ಸ್ಟಾರ್ಟ್ ಮಾಡಲ್ಲ. ದಾರಿಯಲ್ಲಿ ಹಸಿ ಲದ್ದಿ ಕಂಡರೆ ವಾಪಸ್, ಚರ್ಚೆ ಇಲ್ಲ. ಬೆಳಕು ಹರಿದ ಮೇಲೆ ಹೊರಟು ಸಂಜೆ ಐದಕ್ಕೆ ಮುಂಚೆ ಮನೆ ಸೇರುವುದು ನಮ್ಮ ಕ್ರಮ. ರಾತ್ರಿ ಗಾಳ ಹಾಕಿದರೆ ಬಾಳೆ, ಮುರುಗೋಡು ಮೀನು ಜಾಸ್ತಿ ಸಿಗುತ್ತವೆ ಅನ್ನೋದು ನಿಜ. ಅದಕ್ಕೆ ಅಂತ ಜೀವ ಪಣಕ್ಕಿಡೋಕೆ ಆಗುತ್ತಾ?

ಎಣ್ಣೆ ಹಾಕಿಕೊಂಡು ಹೊಳೆಗೆ ಇಳಿಯುವಂತಿಲ್ಲ ಅನ್ನೋದೂ ಗುಂಪಿನ ನಿಯಮ. ಪಾಚಿ ಹಿಡಿದ ಬಂಡೆ ಮೇಲೆ ಚಪ್ಪಲಿ ಬಿಚ್ಚಿ ನಡೆಯೋರೇ ಜಾರುತ್ತಾರೆ, ಇನ್ನು ಅಮಲಿನಲ್ಲಿ ಕೇಳಬೇಕಾ? ಕುಡಿಯುವವರಿಗೆ ಸಂಜೆ ತೋಟದ ಮನೆಯ ಜಗಲಿ ಇದೆ.

ಮಧ್ಯಾಹ್ನದ ಊಟಕ್ಕೆ ಸಿಕ್ಕ ಸಣ್ಣ ಮೀನು ಅಲ್ಲೇ ದಡದಲ್ಲಿ. ಮನೆಯಿಂದ ಅಕ್ಕಿರೊಟ್ಟಿ ಬಂದಿರುತ್ತದೆ. ಸೂಜಿಮೆಣಸು, ಉಪ್ಪು, ಬೆಳ್ಳುಳ್ಳಿ ಕಲ್ಲಲ್ಲೇ ಜಜ್ಜಿ ಮೀನಿಗೆ ಸವರಿ, ಬಾಳೆ ಎಲೆಯಲ್ಲಿ ಸುತ್ತಿ ಕೆಂಡದ ಮೇಲೆ ಇಡುತ್ತೇವೆ. ಎಲೆಯ ಹೊರ ಪದರ ಕಪ್ಪಾದರೆ ಒಳಗೆ ಬೆಂದಿದೆ ಅಂತ. ಮುರುಗೋಡಿನ ಲೋಳೆ ಹೋಗಬೇಕಾದರೆ ನೀರಲ್ಲಿ ಎಷ್ಟು ತೊಳೆದರೂ ಸಾಲದು, ಒಲೆಯ ಬೂದಿ ಹಾಕಿ ತಿಕ್ಕಬೇಕು. ದೊಡ್ಡ ಮೀನೆಲ್ಲ ಮನೆಗೆ, ಸಾರಿಗೆ. ಒಣಗಿಸಿದ ವಾಟೆಹುಳಿ (ಇದು ಮರದ ಹುಳಿ ಕಾಯಿ, ಬಿದಿರಿನ ವಾಟೆ ಅಲ್ಲ) ಹಾಕಿದರೆ ಕೆಸರಿನ ವಾಸನೆ ಸುಳಿಯಲ್ಲ. ಸಾರು ಅವತ್ತೇ ಬಡಿಸಬಾರದು, ಮಾರನೇ ದಿನ ಕಡುಬಿನ ಜೊತೆ ಉಣ್ಣಬೇಕು. ಬೆಂಗಳೂರಿಗೆ ರಾತ್ರಿ ಬಸ್ ಹಿಡಿಯುವವನಿಗೆ ಇದೊಂದು ಸಂಕಟ. ಹಾಗಾಗಿ ಅವನು ಸೋಮವಾರಕ್ಕೆ ಮೊದಲೇ ರಜೆ ಹಾಕಿ ಬರುತ್ತಾನೆ.

ಪಾಲು ಹಾಕುವುದು ಮಾತ್ರ ಹಿರಿಯರಿಂದ ಬಂದ ಕ್ರಮದಲ್ಲಿ. ಹಂದಿ ಶಿಕಾರಿಯಲ್ಲಿ ಈಡು ಹೊಡೆದವನಿಗೆ ಹೆಚ್ಚಿನ ಪಾಲು ಇರುತ್ತಿತ್ತಂತೆ. ನಾವು ಅದನ್ನು ತೆಗೆದುಹಾಕಿದ್ದೇವೆ. ಯಾರು ಎಷ್ಟೇ ಹಿಡಿಯಲಿ, ಎಲ್ಲ ಒಟ್ಟಿಗೆ ಸುರಿದು ಬಾಳೆ ಎಲೆ ಮೇಲೆ ಸಮ ಗುಡ್ಡೆ ಮಾಡುತ್ತೇವೆ. ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇನ್ನೊಬ್ಬ ಗುಡ್ಡೆ ಮುಟ್ಟಿ “ಇದು ಯಾರಿಗೆ?” ಅನ್ನುತ್ತಾನೆ. ಹೆಸರು ಹೇಳಿದರೆ ಮುಗಿಯಿತು, ಬದಲಿಸುವಂತಿಲ್ಲ. ಕೊರವ ಇರುವ ಗುಡ್ಡೆ ಇಡೀ ದಿನ ಖಾಲಿ ಕೈಯಲ್ಲಿ ಕೂತವನಿಗೇ ಹೋದಾಗ, ಅದನ್ನು ಹಿಡಿದ ತೋಟದವನ ಮುಖ ನೋಡಬೇಕು.