ಬ್ರೌಸರ್ ಓಡುತ್ತದೆ, ಉಬುಂಟು ಅಪ್‌ಡೇಟ್ ಮಾತ್ರ ಆಗುವುದಿಲ್ಲವೇ?

ಕಚೇರಿಯಲ್ಲಿ ಬ್ರೌಸರ್ ಸಲೀಸಾಗಿ ತೆರೆದು, ಉಬುಂಟು ಅಪ್‌ಡೇಟ್ ಮಾತ್ರ ಶೇ. 0ರಲ್ಲೇ ನಿಂತಿದ್ದರೆ ಮೊದಲು ಸುಡೋ (sudo, ನಿರ್ವಾಹಕರ ಅಧಿಕಾರದಲ್ಲಿ ಆದೇಶ ನಡೆಸುವ ಸಾಧನ) ಮೇಲೆ ಸಂಶಯಪಡಿ. ಟರ್ಮಿನಲ್‌ನಲ್ಲಿ ನೀವು ಕೊಟ್ಟ ಪ್ರಾಕ್ಸಿಯ (ಕಚೇರಿಯ ಜಾಲಕ್ಕೂ ಇಂಟರ್ನೆಟ್‌ಗೂ ನಡುವೆ ನಿಂತ ಮಧ್ಯವರ್ತಿ ಸರ್ವರ್) ವಿಳಾಸ ನಿಮ್ಮ ಖಾತೆಗಷ್ಟೇ ಸೇರಿದ್ದು. ಸುಡೋ ಸಾಮಾನ್ಯವಾಗಿ ಅದನ್ನು ಬಾಗಿಲಲ್ಲೇ ಕಳಚಿಟ್ಟು ಒಳಹೋಗುತ್ತದೆ. ಹಾಗಾಗಿ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಆಪ್ಟ್‌ನ (apt, ಉಬುಂಟುವಿನಲ್ಲಿ ಅಪ್‌ಡೇಟ್ ಮಾಡುವ ಸಾಧನ) ಸ್ವಂತ ಕಾನ್ಫಿಗರೇಶನ್ ಫೋಲ್ಡರ್‌ನಲ್ಲಿ ಹೊಸ ಫೈಲ್ ಮಾಡಿ ಬರೆಯಿರಿ. ಸಾಲಿನ ಕೊನೆಗೆ ಸೆಮಿಕೋಲನ್ ಇರಲೇಬೇಕು.

ಈಗ 407 ಎಂಬ ದೋಷ ಬಂದರೆ ಬೇಸರ ಬೇಡ, ಅದು ಒಳ್ಳೆಯ ಸುದ್ದಿಯೇ: ಪ್ರಾಕ್ಸಿಯನ್ನು ತಲುಪಿದ್ದೀರಿ, ಅದು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತಿದೆ. ಅವೆರಡನ್ನೂ ಅದೇ ಫೈಲ್‌ನ ಪ್ರಾಕ್ಸಿ ವಿಳಾಸದೊಳಗೆ ಸೇರಿಸಿ. ಪಾಸ್‌ವರ್ಡ್‌ನಲ್ಲಿ @ ಇದ್ದರೆ ಅದರ ಜಾಗದಲ್ಲಿ %40 ಎಂದು ಬರೆಯಿರಿ. ಇಲ್ಲವಾದರೆ ಪಾಸ್‌ವರ್ಡ್‌ನ ಉಳಿದ ಭಾಗವನ್ನು ಸರ್ವರ್ ಹೆಸರೆಂದು ತಿಳಿದು ಹುಡುಕಾಟ ಶುರುವಾಗಬಹುದು. ಫೈಲ್‌ನಲ್ಲಿ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ಕೂತಿರುತ್ತದೆ, ಹತ್ತು ಜನ ಬಳಸುವ ಯಂತ್ರದಲ್ಲಿ ಈ ದಾರಿ ಹಿಡಿಯಬೇಡಿ.

ಪ್ರಮಾಣಪತ್ರ (ಸರ್ವರ್‌ನ ಗುರುತನ್ನು ಖಾತ್ರಿಪಡಿಸುವ ಡಿಜಿಟಲ್ ದಾಖಲೆ) ಸರಿಯಿಲ್ಲ ಎಂಬ ದೂರು ಬಂದರೆ, ಫೈರ್‌ವಾಲ್ ಸುರಕ್ಷಿತ ಸಂಪರ್ಕವನ್ನು ಬಿಚ್ಚಿ ನೋಡಿ ತನ್ನದೇ ಮೊಹರು ಒತ್ತುತ್ತಿರಬಹುದು. ಐಟಿ ವಿಭಾಗದಿಂದ ಆ ಮೊಹರನ್ನು ನಂಬಲು ಬೇಕಾದ ಕಂಪನಿಯ ರೂಟ್ (ಮೂಲ) ಪ್ರಮಾಣಪತ್ರ ಪಡೆದು ಅಳವಡಿಸಿಕೊಳ್ಳಿ. ಪರಿಶೀಲನೆಯನ್ನೇ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.